ದೀಕ್ಷಾಸ್ನಾನವಿಲ್ಲದೆ ಪರಮಪ್ರಸಾದ ಸ್ವೀಕರಿಸಬಹುದೇ?

ಮದುವೆ, ಮರಣದ ಬಲಿಪೂಜೆಗಳಲ್ಲಿ ಅನ್ಯಧರ್ಮೀಯ ಬಂಧುಮಿತ್ರರೂ ಪರಮಪ್ರಸಾದದ ಸಾಲಿನಲ್ಲಿ ಬಂದು ನಿಲ್ಲುವುದುಂಟು. ಅವರಿಗೆ ಕೊಡಬಹುದೇ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಕಥೋಲಿಕ ಧರ್ಮಸಭೆಯ ಉತ್ತರ ಸ್ಪಷ್ಟ: ಕೊಡುವಂತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 842ನೇ ವಿಧಿಯಂತೆ, ದೀಕ್ಷಾಸ್ನಾನ ಪಡೆಯದವರಿಗೆ ಇತರ ಯಾವ ಸಂಸ್ಕಾರವೂ ಸಿಂಧುವಾಗದು.

ಇದು ಇತ್ತೀಚಿನ ಕಟ್ಟಳೆಯಲ್ಲ. ಆದಿಸಭೆಯ 'ದಿದಾಖೆ' ಎಂಬ ಬೋಧನಾಗ್ರಂಥದ 9ನೇ ಅಧ್ಯಾಯದಲ್ಲೇ ಈ ನಿಯಮವಿದೆ. ಸುಮಾರು 155ರಲ್ಲಿ ಸಂತ ಜಸ್ಟಿನ್ ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿಯೂ ಇದನ್ನೇ ಹೇಳಿದ್ದಾರೆ. ಪ್ರಾಚೀನ ಸಭೆಯಲ್ಲಿ ದೀಕ್ಷಾರ್ಥಿಗಳನ್ನು ಪ್ರಬೋಧನೆಯ ಬಳಿಕ ಹೊರಗೆ ಕಳುಹಿಸುತ್ತಿದ್ದರು. ಪಾಸ್ಖ ಜಾಗರಣೆಯ ರಾತ್ರಿ ಸ್ನಾನವಾದ ಮೇಲೆಯೇ ಅವರಿಗೆ ಮೊದಲ ಪರಮಪ್ರಸಾದ. ಪೂರ್ವದ ಆರ್ಥಡಾಕ್ಸ್ ಸಭೆಗಳು ಇಂದಿಗೂ ದೀಕ್ಷಾಸ್ನಾನ ಪಡೆದ ಹಸುಗೂಸಿಗೂ ಪ್ರಸಾದ ಕೊಡುತ್ತವೆ. ನಮ್ಮ ಲತೀನ್ ಪದ್ಧತಿಯಲ್ಲಿ ಮಗುವಿಗೆ ತಿಳಿವಳಿಕೆ ಬಂದಿರಬೇಕು. ಅದು ಸುಮಾರು ಏಳರ ಪ್ರಾಯವೆಂದು 1910ರಲ್ಲಿ ಪೋಪ್ ಹತ್ತನೇ ಪಯಸ್ ಸೂಚಿಸಿದರು.

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಂಥವು ದೀಕ್ಷಾಸ್ನಾನವಾಗದವರನ್ನೂ ತಡೆಯುವುದಿಲ್ಲ. ಯೇಸು ಸುಂಕದವರೊಡನೆ, ಪಾಪಿಗಳೊಡನೆ ಊಟ ಮಾಡಲಿಲ್ಲವೇ ಎಂಬುದು ಇಂಥ ನಿಲುವಿನವರ ವಾದ. ಮಾಡಿದರು, ನಿಜ. ಆದರೆ ಕಡೆಯ ಭೋಜನಕ್ಕೆ ಕುಳಿತವರು ಅವರನ್ನು ಹಿಂಬಾಲಿಸಿ ಬಂದ ಶಿಷ್ಯರು ಎಂಬುದನ್ನು ನಾವು ಮರೆಯಲಾಗದು.

ದೀಕ್ಷಾರ್ಥಿಯೊಬ್ಬರು ಮರಣಾವಸ್ಥೆಯಲ್ಲಿದ್ದರೆ ಮೊದಲು ದೀಕ್ಷಾಸ್ನಾನ, ಆಮೇಲೆ ಪ್ರಸಾದ. ಗುರುಗಳು ಸಿಗದಿದ್ದರೆ ಸ್ನಾನವನ್ನು ಆಸ್ಪತ್ರೆಯ ದಾದಿಯೂ ಕೊಡಬಹುದು.

ಪ್ರಸಾದ ನೀಡುವವರಿಗೊಂದು ಮಾತು: ಸಾಲಿನಲ್ಲಿ ವಿಚಾರಣೆ ಬೇಡ, ಗದರಿಸುವುದಂತೂ ಬೇಡವೇ ಬೇಡ. ಅಂಥ ಪೂಜೆಗಳಲ್ಲಿ ಪ್ರಸಾದಕ್ಕೆ ಮುನ್ನವೇ ಗುರುಗಳು ಸೌಜನ್ಯದಿಂದ ತಿಳಿಸಿದರೆ, ಬಂದ ಅತಿಥಿಗಳು ಮುಜುಗರವಿಲ್ಲದೆ ಕುಳಿತಿರುತ್ತಾರೆ.