ಕಿತ್ತಳೆ ಬಣ್ಣದ ಹೆಸರು



ಪವಿತ್ರ ಗ್ರಂಥದಲ್ಲಿ ಹೆಸರು ಹಗುರವಾದ ವಿಷಯವಲ್ಲ. ಅಬ್ರಾಮನು ಅಬ್ರಹಾಮನಾದಾಗ, ಸಿಮೋನನು ಪೇತ್ರನಾದಾಗ ಅವರ ಬಾಳಿನ ದಿಕ್ಕೇ ಬದಲಾಯಿತು. ವ್ಯಾಪಾರಲೋಕದಲ್ಲಿಯೂ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಆದರೆ ಹೆಸರಿನ ಫಲಕ ಬದಲಾದಾಗ ಅದರ ಹಿಂದೆ ದುಡಿಯುವವರ ಬಾಳು ಏನಾಯಿತೆಂದು ಕೇಳುವವರು ವಿರಳ. ಅಂತಹ ಒಂದು ಹೆಸರಿನ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಆ ಹೆಸರು 'ಆರೆಂಜ್'.

ಮುಂಬಯಿಯಲ್ಲಿ ನೆಲೆಸಿದ್ದ ನಮ್ಮವರಲ್ಲಿ ಕೆಲವರಿಗಾದರೂ ಈ ಹೆಸರು ನೆನಪಿರಬಹುದು. ಹಾಂಗ್‌ಕಾಂಗಿನ ಹಚಿಸನ್ ಸಂಸ್ಥೆಯ ಮೊಬೈಲ್ ಸೇವೆ ಆ ನಗರದಲ್ಲಿ ಕೆಲವು ವರ್ಷ ಇದೇ ಹೆಸರಿನಿಂದ ನಡೆಯಿತು. ಕರ್ನಾಟಕದಲ್ಲಿ ನಾವು ಅದೇ ಸಂಸ್ಥೆಯನ್ನು 'ಹಚ್' ಎಂದು ಕಂಡೆವು. ಬಾಲಕನ ಬೆನ್ನು ಬಿಡದ ಪುಟ್ಟ ನಾಯಿಯ ಜಾಹೀರಾತನ್ನು ಮರೆತವರಾರು? 2007ರಲ್ಲಿ ಅದು ವೊಡಾಫೋನ್ ಪಾಲಾಯಿತು. ಆದರೆ ಆರೆಂಜ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ಹಚಿಸನ್ ಸಂಸ್ಥೆ ಅಲ್ಲಿ ಮೊದಲು ಕೈಸುಟ್ಟುಕೊಂಡಿತ್ತು. 1992ರಲ್ಲಿ ಅದು 'ರ್‍ಯಾಬಿಟ್' ಎಂಬ ಅಗ್ಗದ ಸೇವೆಯೊಂದನ್ನು ತಂದಿತು. ಮೊಲದ ಗುರುತಿನ ಫಲಕವಿರುವ ಅಂಗಡಿಯ ಸಮೀಪ ನಿಂತರೆ ಮಾತ್ರ ಕರೆ ಮಾಡಬಹುದು. ದಾರಿಯಲ್ಲಿರುವವರಿಗೆ ಕರೆ ಬರುವಂತಿಲ್ಲ. ಇಂತಹ ಫೋನನ್ನು ಯಾರು ಕೊಳ್ಳುತ್ತಾರೆ? ಮರುವರ್ಷವೇ ಅದು ಮುಚ್ಚಿತು. ಅಷ್ಟರಲ್ಲಿ, ಅಂದರೆ 1991ರಲ್ಲಿಯೇ, ಅದು ಮೈಕ್ರೋಟೆಲ್ ಎಂಬ ಕಂಪನಿಯನ್ನು ವಶಪಡಿಸಿಕೊಂಡಿತ್ತು. ಆ ಕಂಪನಿಯೇ 1994ರ ಏಪ್ರಿಲ್ 28ರಂದು ಹೊಸ ಹೆಸರು ತೊಟ್ಟು ಬ್ರಿಟನ್ನಿನ ನಾಲ್ಕನೆಯ ಮೊಬೈಲ್ ಜಾಲವಾಗಿ ತಲೆಯೆತ್ತಿತು.

ಅಂದಿನ ಫೋನ್ ಕಂಪನಿಗಳು 'ಸೆಲ್', 'ಟೆಲ್', 'ನೆಟ್' ಮುಂತಾದ ಯಂತ್ರದ ವಾಸನೆಯ ಪದಗಳನ್ನೇ ನೆಚ್ಚಿಕೊಂಡಿದ್ದವು. ಅವುಗಳ ನಡುವೆ ಹಣ್ಣಿನ ಹೆಸರೂ ಬಣ್ಣದ ಹೆಸರೂ ಆದ ಒಂದು ಸರಳ ಪದ ಬಂದಿತು. ಕಿತ್ತಳೆ ಬಣ್ಣದ ಚೌಕ, ಅದರಲ್ಲಿ ಬಿಳಿಯ ಅಕ್ಷರ. ಜಾಹೀರಾತಿನಲ್ಲಿ ಫೋನಿನ ಚಿತ್ರವೇ ಇಲ್ಲ! 'ಭವಿಷ್ಯ ಉಜ್ವಲವಾಗಿದೆ, ಭವಿಷ್ಯ ಆರೆಂಜ್ ಆಗಿದೆ' ಎಂಬುದು ಅದರ ಘೋಷವಾಕ್ಯ. ಮಾರುವ ಬುದ್ಧಿವಂತಿಕೆ ಇದರಲ್ಲಿತ್ತೆಂಬುದು ನಿಜ. ಆದರೆ ಬರಿಯ ಬಣ್ಣವಷ್ಟೇ ಇರಲಿಲ್ಲ. ಮಾತನಾಡಿದ ಸಮಯವನ್ನು ನಿಮಿಷಗಳಿಗೆ ಏರಿಸಿ ಹಣ ಕೀಳುವ ಬದಲು ಸೆಕೆಂಡಿನ ಲೆಕ್ಕದಲ್ಲಿ ಬಿಲ್ ಕೊಟ್ಟದ್ದು ಗ್ರಾಹಕನಿಗೆ ಸಂದ ನ್ಯಾಯವೇ ಸರಿ.

ಇಲ್ಲಿ ಒಂದು ಮಾತು. ಉತ್ತರ ಐರ್ಲೆಂಡಿನ ಕಥೋಲಿಕರಿಗೆ 'ಆರೆಂಜ್' ಕೇವಲ ಹಣ್ಣಿನ ಹೆಸರಲ್ಲ. 1690ರ ಬಾಯ್ನ್ ನದಿಯ ಕದನದಲ್ಲಿ ಗೆದ್ದ ಪ್ರೊಟೆಸ್ಟೆಂಟ್ ಅರಸ ಆರೆಂಜಿನ ವಿಲಿಯಮ್; ಅವನ ಹೆಸರಿನ ಸಂಘದವರು ಪ್ರತಿ ಜುಲೈ 12ರಂದು ಮೆರವಣಿಗೆ ಹೊರಡುತ್ತಾರೆ. ಆ ನಾಡಿನ ಬೀದಿಯಲ್ಲಿ 'ಭವಿಷ್ಯ ಆರೆಂಜ್' ಎಂದರೆ ಕಿವಿಗೆ ಹೇಗೆ ಕೇಳಿಸಬಹುದೆಂದು ನೀವೇ ಊಹಿಸಿ.

ಎರಡೇ ವರ್ಷಗಳಲ್ಲಿ ಕಂಪನಿ ಲಂಡನ್ ಷೇರುಪೇಟೆಯನ್ನು ಪ್ರವೇಶಿಸಿತು. ಬಳಿಕ ಹೆಸರು ಕೈಯಿಂದ ಕೈಗೆ ದಾಟತೊಡಗಿತು. 1999ರಲ್ಲಿ ಜರ್ಮನಿಯ ಮನ್ನೆಸ್‌ಮನ್ ಸಂಸ್ಥೆ ಸುಮಾರು 2,000 ಕೋಟಿ ಪೌಂಡಿಗೆ ಕೊಂಡಿತು. ಮರುವರ್ಷ ವೊಡಾಫೋನ್ ಆ ಮನ್ನೆಸ್‌ಮನ್ನನ್ನೇ ನುಂಗಿತು. ಒಂದೇ ದೇಶದಲ್ಲಿ ಎರಡು ಜಾಲಗಳು ಒಬ್ಬನ ಕೈಯಲ್ಲಿರಬಾರದೆಂದು ಯೂರೋಪಿನ ಅಧಿಕಾರಿಗಳು ಹೇಳಿದ್ದರಿಂದ ಆರೆಂಜನ್ನು ಮತ್ತೆ ಮಾರಬೇಕಾಯಿತು. ಕೊಂಡವರು ಫ್ರಾನ್ಸ್ ಟೆಲಿಕಾಂ. ಕೊಟ್ಟದ್ದು ಸುಮಾರು 2,500 ಕೋಟಿ ಪೌಂಡ್.

ಈ ಹಣ ಎಲ್ಲಿಂದ ಬಂದಿತು? ಬಹುಪಾಲು ಸಾಲದಿಂದ. ಇಂತಹ ಖರೀದಿಗಳೂ ಹೊಸ ತರಂಗಾಂತರಗಳ ಪರವಾನಗಿ ಶುಲ್ಕವೂ ಸೇರಿ 2002ರ ಕೊನೆಗೆ ಕಂಪನಿಯ ಸಾಲ ಸುಮಾರು 6,800 ಕೋಟಿ ಯೂರೋ ಆಗಿತ್ತು. ಆ ಹೊರೆ ಯಾರ ಹೆಗಲೇರಿತು ಎಂಬುದೇ ನಾನು ಹೇಳಬೇಕೆಂದಿರುವ ವಿಷಯ.

ಫ್ರಾನ್ಸ್ ಟೆಲಿಕಾಂ ಮೊದಲು ಸರ್ಕಾರಿ ಇಲಾಖೆಯಾಗಿತ್ತು. ನಮ್ಮ ಊರುಗಳಲ್ಲಿ ಮಳೆಗಾಲದಲ್ಲಿ ಕಂಬ ಹತ್ತಿ ತಂತಿ ಸರಿಪಡಿಸುತ್ತಿದ್ದ ಟೆಲಿಫೋನ್ ಇಲಾಖೆಯ ಲೈನ್‌ಮನ್ನನ್ನು ನೆನೆದುಕೊಳ್ಳಿ; ಅಲ್ಲಿಯೂ ಅಂತಹವರೇ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರಾಗಿದ್ದುದರಿಂದ ಕೆಲಸದಿಂದ ತೆಗೆದುಹಾಕುವಂತಿರಲಿಲ್ಲ. ಹಾಗಾದರೆ ತಾವಾಗಿಯೇ ಹೋಗುವಂತೆ ಮಾಡಬೇಕು. 2006ರಿಂದ ಮೂರು ವರ್ಷಗಳಲ್ಲಿ 22,000 ಮಂದಿಯನ್ನು ಕಡಿಮೆ ಮಾಡುವುದು, 10,000 ಮಂದಿಯನ್ನು ಬೇರೆ ಕೆಲಸಕ್ಕೆ ಬದಲಿಸುವುದು ಎಂಬ ಯೋಜನೆ ಸಿದ್ಧವಾಯಿತು. ಕಂಪನಿಯ ಅಧ್ಯಕ್ಷ ದಿದಿಯೇ ಲೊಂಬಾರ್ ಆ ವರ್ಷದ ಅಕ್ಟೋಬರಿನಲ್ಲಿ ತಮ್ಮ ಅಧಿಕಾರಿಗಳ ಸಭೆಯಲ್ಲಿ, ಕಿಟಕಿಯಿಂದಾಗಲಿ ಬಾಗಿಲಿನಿಂದಾಗಲಿ, ಹೇಗಾದರೂ ಈ ಜನರನ್ನು ಹೊರಗೆ ಕಳುಹಿಸುವೆನೆಂದು ಹೇಳಿದರು.

ಇಪ್ಪತ್ತು ಮೂವತ್ತು ವರ್ಷ ತಂತಿಯ ಕೆಲಸದಲ್ಲಿ ಕೈ ಪಳಗಿದವರನ್ನು ಕಾಲ್ ಸೆಂಟರಿನಲ್ಲಿ ಕೂರಿಸಲಾಯಿತು. ಬರೆದುಕೊಟ್ಟ ಮಾತನ್ನೇ ಒಪ್ಪಿಸಬೇಕು, ಗಡಿಯಾರ ಎದುರಿಗಿದೆ. ಮತ್ತೆ ಕೆಲವರಿಗೆ ದೂರದೂರಿಗೆ ವರ್ಗಾವಣೆ. ಕೆಲವರಿಗೆ ಕೆಲಸವನ್ನೇ ಕೊಡದೆ ಕುರ್ಚಿ ಮಾತ್ರ. ತಾನು ಯಾರಿಗೂ ಬೇಡವಾದವನೆಂಬ ಭಾವನೆ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಒಬ್ಬರ ನಂತರ ಒಬ್ಬರು ಪ್ರಾಣ ಕಳೆದುಕೊಂಡರು. 2009ರ ಜುಲೈನಲ್ಲಿ ಮಾರ್ಸೆ ನಗರದ ನೌಕರರೊಬ್ಬರು ತಮ್ಮ ಸಾವಿಗೆ ಕಂಪನಿಯ ಕೆಲಸವೇ ಏಕೈಕ ಕಾರಣವೆಂದು ಬರೆದಿಟ್ಟು ಹೋದ ಮೇಲೆ ದೇಶವೇ ಬೆಚ್ಚಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೊಂಬಾರ್ ಅವರು ಈ ಸಾವುಗಳನ್ನು ಒಂದು 'ಫ್ಯಾಷನ್' ಎಂಬಂತೆ ಮಾತನಾಡಿ, ಅನಂತರ ಕ್ಷಮೆ ಕೋರಬೇಕಾಯಿತು.

ಪೋಪ್ ಎರಡನೆಯ ಜಾನ್ ಪಾಲ್‌ರವರು 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ, ದುಡಿಮೆಯಿರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂದು ಬೋಧಿಸಿದ್ದರು. ಧರ್ಮಸಭೆಯ ಈ ಬೋಧನೆಯನ್ನು ನಾವು ಕೇವಲ ಮೇ ಒಂದರ ಪ್ರಬೋಧನೆಗೆ ಸರಿಹೋಗುವ ಮಾತೆಂದುಕೊಳ್ಳುವುದುಂಟು. ಪ್ಯಾರಿಸಿನ ನ್ಯಾಯಾಲಯದಲ್ಲಿ ಅದೇ ಪ್ರಶ್ನೆ ಕಾನೂನಿನ ಭಾಷೆಯಲ್ಲಿ ಎದ್ದು ನಿಂತಿತು. 2019ರಲ್ಲಿ ನಡೆದ ವಿಚಾರಣೆಯಲ್ಲಿ 39 ನೌಕರರ ಪ್ರಕರಣಗಳನ್ನು ಪರಿಶೀಲಿಸಲಾಯಿತು. ಅವರಲ್ಲಿ 19 ಮಂದಿ ಪ್ರಾಣ ಕಳೆದುಕೊಂಡಿದ್ದರು. 12 ಮಂದಿ ಅದಕ್ಕೆ ಯತ್ನಿಸಿದ್ದರು. ಉಳಿದ 8 ಮಂದಿ ಖಿನ್ನತೆಯಿಂದ ನೊಂದಿದ್ದರು.

ಇಷ್ಟರಲ್ಲಿ ಹೆಸರಿನ ಪ್ರಯಾಣ ಮುಂದುವರಿದಿತ್ತು. 2013ರ ಜುಲೈ 1ರಂದು ಫ್ರಾನ್ಸ್ ಟೆಲಿಕಾಂ ತನ್ನ ಹಳೆಯ ಹೆಸರನ್ನು ಪೂರ್ತಿಯಾಗಿ ಬಿಟ್ಟು 'ಆರೆಂಜ್' ಆಯಿತು. ಇಂದು ಯೂರೋಪಿನಲ್ಲಿಯೂ ಆಫ್ರಿಕದ ಹಲವು ದೇಶಗಳಲ್ಲಿಯೂ ಕಿತ್ತಳೆ ಚೌಕ ಕಾಣಸಿಗುತ್ತದೆ. ಹುಟ್ಟಿದ ನಾಡಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ: ಬ್ರಿಟನ್ನಿನಲ್ಲಿ 2010ರಲ್ಲಿ ಅದು ಟಿ-ಮೊಬೈಲ್ ಜೊತೆ ಸೇರಿ, ಮುಂದೆ 'ಇಇ' ಎಂಬ ಹೆಸರಿನೊಳಗೆ ಕರಗಿಹೋಯಿತು.

ಆದರೆ ಹೊಸ ಹೆಸರು ಹಳೆಯ ಲೆಕ್ಕವನ್ನು ಅಳಿಸಲಿಲ್ಲ. 2019ರ ಡಿಸೆಂಬರ್ 20ರಂದು ನ್ಯಾಯಾಲಯವು ಕಂಪನಿಯನ್ನೂ ಲೊಂಬಾರ್ ಮತ್ತಿತರ ಅಧಿಕಾರಿಗಳನ್ನೂ ಅಪರಾಧಿಗಳೆಂದು ಸಾರಿತು. ಕಂಪನಿಗೆ 75,000 ಯೂರೋ ದಂಡ. ಕಾನೂನಿನಲ್ಲಿದ್ದ ಗರಿಷ್ಠ ಮೊತ್ತವೇ ಅಷ್ಟು. ಹೆಸರನ್ನು ಕೊಳ್ಳಲು ಸುರಿದ ಹಣದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಕಂಪನಿ ಮೇಲ್ಮನವಿ ಸಲ್ಲಿಸಲಿಲ್ಲ. ಲೊಂಬಾರ್ ಸಲ್ಲಿಸಿದರು. 2022ರಲ್ಲಿ ಮೇಲಿನ ನ್ಯಾಯಾಲಯವು ಅವರ ಸೆರೆವಾಸವನ್ನು ಪೂರ್ತಿಯಾಗಿ ಅಮಾನತಿನಲ್ಲಿಟ್ಟಿತಾದರೂ ಅಪರಾಧವನ್ನು ಎತ್ತಿಹಿಡಿಯಿತು. 2025ರ ಜನವರಿ 21ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು, ಒಬ್ಬ ಅಧಿಕಾರಿ ಒಬ್ಬ ನೌಕರನನ್ನು ಪೀಡಿಸಿದರೆ ಮಾತ್ರವಲ್ಲ, ಸಂಸ್ಥೆಯ ನೀತಿಯೇ ನೌಕರರನ್ನು ಪೀಡಿಸುವಂತಿದ್ದರೆ ಅದೂ ಶಿಕ್ಷಾರ್ಹ ಅಪರಾಧವೆಂದು ಅಂತಿಮವಾಗಿ ತೀರ್ಪಿತ್ತಿತು.