ಐದನೆಯ ರಾತ್ರಿಯ ಕಾವಲು

ಕೊಲ್ಲಾಪುರ ಸೀಮೆಯ ಶಿಶು ಆರೈಕೆಯ ಚರಿತ್ರೆಯನ್ನು 1886ರಿಂದ ಶುರು ಮಾಡುವುದು ಸುಲಭ. ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿಯವರನ್ನು ಸಂಸ್ಥಾನವು ಆ ವರ್ಷ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ನೇಮಿಸಿತು. ಚಿಕ್ಕ ವಯಸ್ಸಿನಲ್ಲೇ ಹಡೆದ ಕೂಸು ಹತ್ತು ದಿನಕ್ಕೆ ತೀರಿಕೊಂಡ ಸಂಕಟವೇ ಅವರನ್ನು ವೈದ್ಯಕೀಯದ ಕಡೆಗೆ ತಿರುಗಿಸಿತ್ತು. ಆದರೆ 1887ರ ಫೆಬ್ರುವರಿಯಲ್ಲಿ ಅವರೇ ತೀರಿಕೊಂಡರು. ಮುಂದೆ ಶಾಹೂ ಮಹಾರಾಜರ ಕಾಲದಲ್ಲಿ ಡಾ. ಕೃಷ್ಣಾಬಾಯಿ ಕೇಳವಕರ ಅದೇ ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯೆಯಾಗಿ ದುಡಿದರು. ನೆರೆಯ ಮಿರಜದಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿ ಬೇರೂರಿತು. ಇವರೆಲ್ಲರ ಋಣ ದೊಡ್ಡದು. ಆದರೂ ಕಥೆಯನ್ನು ಇಲ್ಲಿಂದಲೇ ಆರಂಭಿಸಿದರೆ, ಕೂಸನ್ನು ನೋಡಿ ತಿಳಿಯುವ ವಿದ್ಯೆಯೇ ಹೊರಗಿನಿಂದ ಬಂತೆಂಬ ಭಾವನೆ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಉಳಿದುಬಿಡುತ್ತದೆ. ದಿನ ಲೆಕ್ಕ ಹಿಡಿದು ಕೂಸನ್ನು ಗಮನಿಸುವ ರೂಢಿ ಇಲ್ಲಿನ ಬಾಣಂತಿ ಕೋಣೆಗಳಲ್ಲಿ ಮೊದಲೇ ಇತ್ತು. ಆಸ್ಪತ್ರೆ ಕೂಡಿಸಿದ್ದು ಕಾರಣದ ಅರಿವನ್ನು ಮತ್ತು ಬರೆದಿಡುವ ಶಿಸ್ತನ್ನು.

ಕೂಸು ಹುಟ್ಟಿದ ಐದನೆಯ ರಾತ್ರಿಯ ಆಚರಣೆಯನ್ನೇ ನೋಡಿ. ಮರಾಠಿ ಮನೆಗಳಲ್ಲಿ ಸಟವಾಯಿ, ಗಡಿಯ ಕನ್ನಡ ಮನೆಗಳಲ್ಲಿ ಸಟವಿ. ಅಂದು ಈ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ನಂಬಿಕೆ. ದೀಪ ಆರದಂತೆ ನೋಡಿಕೊಂಡು, ಮನೆಯ ಹಿರಿಯ ಹೆಂಗಸರು ಕೂಸಿನ ಮಗ್ಗುಲಲ್ಲಿ ಎಚ್ಚರವಿರುತ್ತಾರೆ. ಇನ್ನು ಇಂದಿನ ಪಠ್ಯ ತೆರೆಯಿರಿ. ನವಜಾತ ಶಿಶುವಿನ ಧನುರ್ವಾಯು ಹುಟ್ಟಿದ 3ರಿಂದ 28 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮೊದಲೆರಡು ವಾರಗಳಲ್ಲಿ. ಮೊದಲ ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆಮೇಲೆ ಮೊಲೆ ಹಿಡಿಯಲಾರದೆ ಹೋಗುತ್ತದೆ, ದವಡೆ ಬಿಗಿಯುತ್ತದೆ, ಮುಟ್ಟಿದರೆ ಮೈ ಸೆಟೆಯುತ್ತದೆ. ಎಷ್ಟೋ ತಲೆಮಾರುಗಳ ತಾಯಂದಿರು ಕೂಸುಗಳನ್ನು ಕಳೆದುಕೊಂಡ ದಿನಗಳು ಇವೇ, ಕಾವಲು ಬಿದ್ದದ್ದೂ ಇವೇ ದಿನಗಳ ಮೇಲೆ.

ಇದು ಹಳೆಯ ಆಚಾರಕ್ಕೆ ಹೊಸ ವಿಜ್ಞಾನದ ಅಂಗಿ ತೊಡಿಸುವ ಕೆಲಸ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೂಲಗಿತ್ತಿಗೆ ರೋಗಾಣು ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಗೊತ್ತಿದ್ದರೆ ಕುಡಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿ ಮೆತ್ತುವ ರೂಢಿ ಇರುತ್ತಲೇ ಇರಲಿಲ್ಲ. ಅಪಾಯದ ವೇಳೆ ಗೊತ್ತಿತ್ತು, ಅಪಾಯದ ಮೂಲ ಗೊತ್ತಿರಲಿಲ್ಲ. ಮೊದಲ ಹಾಲನ್ನು ಹಿಂಡಿ ಚೆಲ್ಲಿದ್ದು, ಹೊಟ್ಟೆಯ ಮೇಲೆ ಬರೆ ಎಳೆದದ್ದು ಕೂಡ ಅದೇ ಕೋಣೆಗಳಲ್ಲಿಯೇ; ಅವನ್ನು ಯಾವ ನೆವದಿಂದಲೂ ಸಮರ್ಥಿಸಲಾಗದು. ಬಸುರಿಗೆ ಕೊಟ್ಟ ಲಸಿಕೆ, ಶುದ್ಧ ಬ್ಲೇಡು, ತೊಳೆದ ಕೈ, ಇಷ್ಟು ಸೇರಿ 2015ರ ಹೊತ್ತಿಗೆ ಭಾರತದಲ್ಲಿ ನವಜಾತ ಶಿಶುವಿನ ಧನುರ್ವಾಯುವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಇಲ್ಲವಾಗಿಸಿದವು. ಕಾವಲು ಮಾತ್ರದಿಂದ ಇದು ಆಗುತ್ತಿರಲಿಲ್ಲ.

ಹಾಗಾದರೆ ಆ ಹಳೆಯ ಗಮನ ಇಂದು ಯಾತಕ್ಕೆ ಬೇಕು? ಬೆಳವಣಿಗೆಯನ್ನು ಅಳೆಯಲು ಬೇಕು. ಮೂರು-ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲಬೇಕು, ಎಂಟರ ಸುಮಾರಿಗೆ ಆಸರೆಯಿಲ್ಲದೆ ಕೂರಬೇಕು, ವರ್ಷದ ಆಚೀಚೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಹುಟ್ಟಿದಾಗಿನ ತೂಕ ಮೂರು ಪಟ್ಟಾಗಬೇಕು ಎಂದು ವಿದ್ಯಾರ್ಥಿನಿ ಬಾಯಿಪಾಠ ಮಾಡುತ್ತಾಳೆ. ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಹಳ್ಳಿಯ ಅಜ್ಜಿ ಇದನ್ನೇ ಹಬ್ಬಗಳ ಲೆಕ್ಕದಲ್ಲಿ ಹೇಳುತ್ತಾಳೆ: ಪಂಚಮಿಗೆ ಹುಟ್ಟಿದ್ದು, ಸಂಕ್ರಾಂತಿಗೆ ಬೋರಲ ಬಿತ್ತು, ಯುಗಾದಿಗೆ ಕುಂತಿತು. ಕೂಸು ಹೊಸಿಲು ದಾಟಿದರೆ ಸಿಹಿ ಮಾಡುವ ಮನೆಗಳಲ್ಲಿ ಆ ದಿನ ಯಾರಿಗೂ ಮರೆಯುವುದಿಲ್ಲ. ಇಲ್ಲಿಯೂ ಹಳೆಯ ಕ್ರಮಕ್ಕೆ ಮಿತಿಯಿತ್ತು: ತಡವಾದ ಕೂಸನ್ನು ಅದು ಗುರುತಿಸಿತು, ಆದರೆ ಹಣೆಬರಹವೆಂದು ಬಿಟ್ಟಿತು. ಶ್ರವಣದೋಷವೋ ಸ್ನಾಯು ಬಿಗಿತವೋ ಬೇಗ ಗೊತ್ತಾದರೆ ಮಾಡಬಹುದಾದದ್ದು ಬಹಳಷ್ಟಿದೆ.

ಇಚಲಕರಂಜಿಯಲ್ಲಿ ಬೆಳವಣಿಗೆಯ ಈ ಲೆಕ್ಕ ಇಡುವುದು ಇನ್ನೂ ಕಠಿಣ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ಆ ಊರಿನಲ್ಲಿ ದುಡಿಮೆಯ ವೇಳೆಯನ್ನು ಯಂತ್ರವೇ ಗೊತ್ತುಮಾಡಿತು. ದುಡಿಯಲು ಬೇರೆ ಊರಿನಿಂದ ಬಂದ ಚಿಕ್ಕ ಸಂಸಾರದಲ್ಲಿ ಲೆಕ್ಕ ಇಡುವ ಅಜ್ಜಿ ಜೊತೆಗಿರುವುದಿಲ್ಲ. ಅಲ್ಲಿ 1975ರಲ್ಲಿ ದೇಶದಲ್ಲಿ ಆರಂಭವಾದ ಅಂಗನವಾಡಿ ಯೋಜನೆಯ ತೂಕದ ಪಟ್ಟಿಯೇ ಅಜ್ಜಿಯ ಕೆಲಸ ಮಾಡಬೇಕು. ಗಡಹಿಂಗ್ಲಜದಲ್ಲಿ ಹಬ್ಬಗಳನ್ನು ತಿಂಗಳಿಗೆ ಇಳಿಸಿ ಕಾರ್ಡಿನಲ್ಲಿ ಬರೆದುಕೊಳ್ಳಬಲ್ಲ ನರ್ಸು, ಇಚಲಕರಂಜಿಯಲ್ಲಿ ತಾನೇ ಮನೆಮನೆಗೆ ಹೋಗಿ ಕೂಸನ್ನು ಅಂಗಾತ ಮಲಗಿಸಿ, ಕೈ ಹಿಡಿದು ಮೆಲ್ಲಗೆ ಎಬ್ಬಿಸಿ ಕುತ್ತಿಗೆ ನಿಂತಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.