ಚಿತ್ರಪಟವೂ ವೈದ್ಯನ ದೃಷ್ಟಿಯೂ

ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರು ಸುಂಕ ಎತ್ತುವ ಠಾಣ್ಯವನ್ನು ನೆನಪಿಗೆ ತರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಪ್ರಸಿದ್ಧವಾದುದು. ಅವನು ಮಾತನ್ನು ಕೇಳುವವನಲ್ಲ, ಮೂಟೆಯನ್ನು ನೋಡುವವನು. ವೈದ್ಯನಾದರೋ ಎರಡನ್ನೂ ಮಾಡಬೇಕಾದವನು. ಅವನ ನೋಟವನ್ನು ಹದಗೊಳಿಸಲು ಚಿತ್ರಕಲೆ ನೆರವಾಗಬಲ್ಲುದೆ ಎಂಬ ಪ್ರಶ್ನೆಯನ್ನು, ನಮ್ಮ ನಾಡಿಗೆ ಸೇರಿದ ಒಂದು ಚಿತ್ರದ ಮೂಲಕ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಮೈಸೂರು ಸೀಮೆಗೆ ಬಂದ ಐರಿಷ್ ಚಿತ್ರಕಾರ ಥಾಮಸ್ ಹಿಕಿ, ಸುಮಾರು 1805ರಲ್ಲಿ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ರಚಿಸಿದನು. ಬಹುಕಾಲ ಇವರನ್ನು ನರ್ತಕಿಯರೆಂದು ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೊಂದು ಅರ್ಥವನ್ನು ಮುಂದಿಟ್ಟರು. ಅವರ ಮತದಂತೆ ಎರಡು ಬದಿಯವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವಿನವರು ರಾಜಮಾತೆ ಲಕ್ಷ್ಮಮ್ಮಣ್ಣಿ. ಚಿತ್ರದ ಉದ್ದೇಶ ಸಿಡುಬಿನ ಲಸಿಕೆಯ ಪ್ರಚಾರ.

ಈ ಮತಕ್ಕೆ ಆಧಾರ ಚಿತ್ರದೊಳಗಿನ ಎರಡು ಗುರುತುಗಳು. ಬಲಗಡೆಯ ರಾಣಿಯ ಎಡತೋಳನ್ನು ಸೆರಗು ಮುಚ್ಚಿರಬೇಕಾಗಿತ್ತು; ತೋಳು ತೆರೆದಿದೆ, ಕೈ ಅದರತ್ತ ತೋರಿಸುತ್ತಿದೆ. ಲಸಿಕೆ ಹಾಕುವ ಎಡೆ ಅದೇ. ಎಡಗಡೆಯವಳ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಚರ್ಮದ ಬಣ್ಣ ಬೇರೆಯಾಗಿದೆ. ಲಸಿಕೆಗೆ ಹಿಂದಿನ ಪದ್ಧತಿಯೊಂದರಲ್ಲಿ ಸಿಡುಬಿನ ಹಕ್ಕಳೆಯನ್ನು ಪುಡಿಮಾಡಿ ಮೂಗಿಗೆ ಊದುತ್ತಿದ್ದರು. ಅದರಿಂದ ಬರುತ್ತಿದ್ದುದು ನಿಜವಾದ ಸಿಡುಬೇ. ಕೆಲವರು ಸಾಯುತ್ತಲೂ ಇದ್ದರು. ಜೆನ್ನರನು 1796ರಲ್ಲಿ ಪ್ರಯೋಗಿಸಿದ ಗೋಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದುದು 1802ರ ಜೂನ್ 14ರಂದು, ಮುಂಬಯಿಯ ಆನಾ ಡಸ್ತಾಲ್ ಎಂಬ ಮೂರು ವರ್ಷದ ಮಗುವಿನಲ್ಲಿ. ಅಲ್ಲಿಂದ ಮುಂದೆ ಅದು ತೋಳಿನಿಂದ ತೋಳಿಗೆ ಸಾಗಬೇಕಾಗಿತ್ತು. ಅನ್ಯರ ಮೈಯ ರಸಿಕೆ ತನ್ನ ಮೈಗೆ ಸೇರುವುದೆಂದರೆ ಜನ ಹಿಂಜರಿದುದು ಸಹಜ. ಅಂಥ ಕಾಲದಲ್ಲಿ ರಾಣಿಯ ತೋಳೇ ಸಾಕ್ಷಿಯಾಗಿ ನಿಂತಿತೆನ್ನಬೇಕು.

ಆ ತೋಳು ಎಲ್ಲರ ಕಣ್ಣೆದುರಿಗೇ ಇದ್ದಿತು. ನರ್ತಕಿಯರೆಂಬ ಹೆಸರು ಮೊದಲೇ ಮನಸ್ಸಿನಲ್ಲಿ ಕುಳಿತುದರಿಂದ ಅದರ ಅರ್ಥ ಹೊಳೆಯಲಿಲ್ಲ. ರೋಗಿಯ ಮಂಚದ ಬಳಿಯೂ ಹೀಗೆಯೇ. ರೋಗದ ಹೆಸರು ಮೊದಲು ಬಂದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಚರ್ಮರೋಗತಜ್ಞ ಬ್ರೇವರ್ಮನ್ ಮತ್ತು ಚಿತ್ರಶಾಲೆಯ ಫ್ರೀಡ್ಲೆಂಡರ್ ವಿದ್ಯಾರ್ಥಿಗಳಿಗೆ ಕಲಿಸಿದುದು ಇದನ್ನೇ: ಅಪರಿಚಿತ ಚಿತ್ರದ ಮುಂದೆ ನಿಂತು, ಕಂಡುದನ್ನೆಲ್ಲ ಹೇಳಿದ ಮೇಲೆಯೇ ಅರ್ಥಕ್ಕೆ ಕೈಹಾಕುವುದು. ಅದರ ಫಲ 2001ರಲ್ಲಿ ಪ್ರಕಟವಾಯಿತು. ಫಿಲಡೆಲ್ಫಿಯದಲ್ಲಿ 36 ಮಂದಿ ಪ್ರಥಮ ವರ್ಷದ ವೈದ್ಯವಿದ್ಯಾರ್ಥಿಗಳನ್ನು ಎರಡು ಪಂಗಡಮಾಡಿ ನಡೆಸಿದ ಪರೀಕ್ಷೆಯಲ್ಲಿಯೂ (2017) ಚಿತ್ರಶಾಲೆಯ ಪಾಠ ಪಡೆದವರ ಅವಲೋಕನ ಉತ್ತಮಗೊಂಡಿತು. ಇಂಥ ಪಾಠ ರೋಗಿಯ ಹಿತಕ್ಕೆ ಎಷ್ಟು ಕಾಲ ಒದಗುವುದೆಂಬುದನ್ನು ಇಷ್ಟರಿಂದಲೇ ನಿರ್ಣಯಿಸಲಾಗದು.

ಹಿಕಿಯ ಚಿತ್ರದಲ್ಲಿಯೂ ಎಚ್ಚರ ಬೇಕು. ಬಾಯಿಯ ಸುತ್ತಣ ಬಣ್ಣ ರಾಣಿಯ ಚರ್ಮದ್ದೋ, ಕಾಲಕ್ರಮದಲ್ಲಿ ಮಾರ್ಪಟ್ಟ ವರ್ಣದ್ರವ್ಯದ್ದೋ? ಚಾನ್ಸೆಲರ್ ಅವರ ಊಹೆ ನಮಗೆ ಒಪ್ಪಿಗೆಯಾದರೂ ಅದು ಊಹೆಯೇ. ಈ ಸಂದೇಹವೂ ವಿದ್ಯಾರ್ಥಿಗೆ ಒಳ್ಳೆಯ ಪಾಠವೆಂದು ನಾವು ಬಗೆಯುತ್ತೇವೆ. ಸುಂಕದಕಟ್ಟೆಗೆ ದೂರವಲ್ಲದ ರಾಜಾಜಿನಗರದಲ್ಲಿ ವೈದ್ಯಕೀಯ ಕಾಲೇಜಿದೆ. ನಗರದೊಳಗೆ ಚಿತ್ರಕಲಾ ಪರಿಷತ್ತಿದೆ. ಹಿಕಿಯ ಚಿತ್ರದ ಪ್ರತಿಯೊಂದನ್ನು ಹೆಸರು ಮರೆಮಾಡಿ ತರಗತಿಯಲ್ಲಿ ತೂಗಹಾಕಿ, ಆ ತೆರೆದ ತೋಳನ್ನು ಮೊದಲು ಯಾರು ಗುರುತಿಸುವರೆಂದು ಅಧ್ಯಾಪಕರು ನೋಡಬಹುದು.